ಬಕ್ ಓನೀಲ್ ಸಹಿ ಇರೋ ಬೇಸ್‌ಬಾಲ್ ತಗೊಂಡೆ: ಬಾಲ್, ಲೆಟರ್, ಡಬ್ಬಿ ಮೂರರ ರಿವ್ಯೂ

ಮೊದಲು ತೀರ್ಪು ಹೇಳ್ಬಿಡ್ತೀನಿ, ಆಮೇಲೆ ಪುರಾಣ. ಬಾಲ್‌ಗೆ ಫುಲ್ ಮಾರ್ಕ್ಸು, ಜೊತೆಗೆ ಬಂದ, ಸಹಿ ಅಸಲಿ ಅಂತ ಬರೆದುಕೊಡೋ ಅಥೆಂಟಿಕೇಶನ್ ಲೆಟರ್‌ಗೆ ಪಾಸ್ ಮಾರ್ಕ್ಸು, ಅದನ್ನ ಇಟ್ಟು ಕೊಟ್ಟ ಪ್ಲಾಸ್ಟಿಕ್ ಡಬ್ಬಿ ಶುದ್ಧ ದಂಡ. ತಗೊಂಡಿದ್ದು ಕ್ಯಾನ್ಸಸ್ ಸಿಟಿ ಹತ್ರ ನಡೆಯೋ ಒಂದು ಕಾರ್ಡ್ ಶೋನಲ್ಲಿ, ಅಂದ್ರೆ ದೊಡ್ಡ ಹಾಲ್ ಬಾಡಿಗೆಗೆ ತಗೊಂಡು ಸಾಲುಸಾಲು ಟೇಬಲ್ ಹಾಕ್ಕೊಂಡು ಆಟಗಾರರ ಫೋಟೋ ಇರೋ ಹಳೇ ಕಾರ್ಡು, ಬ್ಯಾಟು, ಬಾಲು ಮಾರ್ತಾರಲ್ಲ ಅಂಥದ್ದು. ಡೀಲರ್ ಹೆಸರು ಹಾಕಲ್ಲ, ಡಬ್ಬಿ ವಿಷಯದಲ್ಲಿ ಬೈಯೋದಿದೆ ಅದಕ್ಕೆ. ರೇಟು ಇನ್ನೂರು ಡಾಲರ್ ಒಳಗೇ ಮುಗೀತು.

ಬಕ್ ಓನೀಲ್ ಯಾರು ಅಂತ ಬಹಳ ಜನ ಕೇಳ್ತಾರೆ, ನಮ್ಮೋರಂತೂ ಬೇಬ್ ರೂತ್ ಬಿಟ್ರೆ ಇನ್ನೊಂದು ಹೆಸರು ಹೇಳಲ್ಲ. ನಾನು ದಿನಾ ಆಫೀಸಿಗೆ ಹೋಗುವಾಗ ಮಿಸೂರಿ ನದಿ ದಾಟೋ ಸೇತುವೆ ಇದೆ, ಅದಕ್ಕೆ ಈತನದೇ ಹೆಸರು. ಬೋರ್ಡ್ ನೋಡಿ ನೋಡಿ ಯಾರಪ್ಪಾ ಇವನು ಅಂತ ಹುಡುಕೋಕೆ ಹೋಗಿ ಈ ಹುಚ್ಚು ಹತ್ಕೊಂಡಿದ್ದು. 1911ರಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದವನು, ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ಟೀಮಿಗೆ ಫಸ್ಟ್ ಬೇಸ್‌ಮನ್ (ಮೊದಲನೇ ಬೇಸ್ ಕಾಯೋ ಫೀಲ್ಡರ್), ಆಮೇಲೆ ಅದೇ ಟೀಮಿಗೆ ಮ್ಯಾನೇಜರ್. ಮೊನಾರ್ಕ್ಸ್ ಅನ್ನೋದು ನೀಗ್ರೋ ಲೀಗ್‌ನ ಟೀಮು. ಆಗ ಮೇಜರ್ ಲೀಗ್‌ನಲ್ಲಿ (ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗು, ನ್ಯಾಷನಲ್ ಲೀಗ್, ಅಮೆರಿಕನ್ ಲೀಗ್ ಎರಡೂ ಇದರೊಳಗೇ) ಕಪ್ಪು ಜನಕ್ಕೆ ಆಡೋಕೆ ಬಿಡ್ತಿರಲಿಲ್ಲ, ಬರೆದಿಟ್ಟ ಕಾನೂನೇನೂ ಇರಲಿಲ್ಲ, ಮಾಲೀಕರೆಲ್ಲ ಒಳಗೊಳಗೇ ಮಾಡ್ಕೊಂಡಿದ್ದ ಒಪ್ಪಂದ ಅಷ್ಟೇ. ಅದಕ್ಕೆ 1920ರಲ್ಲಿ ರೂಬ್ ಫಾಸ್ಟರ್ ಅನ್ನೋನು ಇದೇ ಕ್ಯಾನ್ಸಸ್ ಸಿಟಿಯ ಪಾಸಿಯೋ ರಸ್ತೆಯ ವೈಎಂಸಿಎ ಕಟ್ಟಡದಲ್ಲಿ ಬೇರೆ ಟೀಮ್ ಮಾಲೀಕರನ್ನೆಲ್ಲ ಕೂರಿಸ್ಕೊಂಡು ನೀಗ್ರೋ ನ್ಯಾಷನಲ್ ಲೀಗ್ ಶುರು ಮಾಡಿದ. ಈ ಮೊನಾರ್ಕ್ಸ್‌ನೋರು 1930ರಲ್ಲೇ ಲಾರಿ ಮೇಲೆ ಲೈಟ್ ಕಂಬ ಹೇರ್ಕೊಂಡು ಊರೂರು ಸುತ್ತಿ ರಾತ್ರಿ ಮ್ಯಾಚ್ ಆಡ್ತಿದ್ರು, ಮೇಜರ್ ಲೀಗ್‌ನೋರು ಲೈಟಲ್ಲಿ ಆಡಿದ್ದು 1935ಕ್ಕೆ. ಜಾಕಿ ರಾಬಿನ್‌ಸನ್ ಕೂಡ 1945ರಲ್ಲಿ ಮೊನಾರ್ಕ್ಸ್‌ಗೇ ಆಡ್ತಿದ್ದಿದ್ದು, ಅಲ್ಲಿಂದ ಬ್ರೂಕ್ಲಿನ್ ಡಾಡ್ಜರ್ಸ್‌ನ ಬ್ರಾಂಚ್ ರಿಕಿ ಕರ್ಕೊಂಡು ಹೋದ, 1947 ಏಪ್ರಿಲ್ 15ಕ್ಕೆ ಡಾಡ್ಜರ್ಸ್ ಮೈದಾನ ಎಬೆಟ್ಸ್ ಫೀಲ್ಡ್‌ನಲ್ಲಿ ಇಳಿದ, ಕಪ್ಪು ಜನಕ್ಕೆ ಮುಚ್ಚಿದ್ದ ಮೇಜರ್ ಲೀಗ್ ಬಾಗಿಲು ತೆಗೆದಿದ್ದು ಹಿಂಗೆ. ಆಗ ಬಕ್‌ಗೆ 35 ವಯಸ್ಸು, ಅವನ ಪಾಲಿಗೆ ಬಾಗಿಲು ತೆಗೆದಿದ್ದು ತಡ ಆಗಿತ್ತು.

ಹಂಗಂತ ಅವನು ಸುಮ್ಮನೆ ಕೂರಲಿಲ್ಲ ನೋಡಿ. ಎರ್ನಿ ಬ್ಯಾಂಕ್ಸ್ ಅವನ ಕೈಕೆಳಗೇ ಆಡಿ ಕಬ್ಸ್ ಟೀಮಿಗೆ ಹೋದವನು, 1962ರಲ್ಲಿ ಬಕ್‌ನ ಅದೇ ಶಿಕಾಗೋ ಕಬ್ಸ್‌ನೋರು ಕೋಚ್ ಮಾಡ್ಕೊಂಡ್ರು, ಮೇಜರ್ ಲೀಗ್‌ನಲ್ಲಿ ಕೋಚ್ ಆದ ಮೊದಲ ಕಪ್ಪು ಮನುಷ್ಯ ಇವನೇ.

ಈಗ ಬಾಲ್ ವಿಷಯಕ್ಕೆ ಬರೋಣ. ಹಾಲಿನ ಕೆನೆ ಬಣ್ಣಕ್ಕೆ ತಿರುಗಿದೆ, ಒಂದು ಹೊಲಿಗೆ ಪಕ್ಕ ಹುರುಳಿಕಾಳು ಗಾತ್ರದ ಕಂದು ಕಲೆ ಇದೆ, ಬಿಟ್ರೆ ಕ್ಲೀನು. ಸಹಿ ನೀಲಿ ಬಾಲ್‌ಪೆನ್ನಲ್ಲಿ, ಸ್ವೀಟ್ ಸ್ಪಾಟ್ ಅಂತಾರಲ್ಲ, ಎರಡು ಹೊಲಿಗೆ ಸಾಲು ಹತ್ರ ಹತ್ರ ಬರೋ ಆ ಕಿರಿದಾದ ಜಾಗ, ಅಲ್ಲಿದೆ. ಒಂಟಿ ಸಹಿ ಬಾಲ್‌ಗೆ ಅದೇ ಜಾಗದಲ್ಲಿದ್ರೇನೇ ಬೆಲೆ. ಲೆನ್ಸ್ ಹಾಕಿ ನೋಡಿದೆ. ಪೆನ್ ಒತ್ತಿದ ಕಡೆ ಚರ್ಮದಲ್ಲಿ ಸಣ್ಣ ತಗ್ಗು ಬಿದ್ದಿದೆ, ಗೆರೆ ಎಲ್ಲೂ ತಡವರಿಸಿಲ್ಲ, ಕೊನೇ ಅಕ್ಷರ ಮುಗಿಯೋ ಕಡೆ ಪೆನ್ ಎತ್ತಿದ್ದು ಬಾಲ ತರ ತೆಳ್ಳಗೆ ಹೋಗಿದೆ. ನಕಲಿ ಮಾಡೋನು ನೋಡ್ಕೊಂಡು ನಿಧಾನ ಬರೀತಾನೆ, ಅದಕ್ಕೆ ಅವನ ಗೆರೆಯ ತುದಿ ಮೊಂಡಾಗಿರುತ್ತೆ, ನಡುನಡುವೆ ನಿಂತು ಇಂಕ್ ಚುಕ್ಕೆ ಬಿದ್ದಿರುತ್ತೆ. ಇದೊಂದೇ ನೋಡಿ ಅಸಲಿ ಅಂತ ತೀರ್ಮಾನಕ್ಕೆ ಬರೋಕಾಗಲ್ಲ, ಆದ್ರೆ ಎಷ್ಟೋ ಕಳಪೆ ಮಾಲು ಇಲ್ಲೇ ಬಿದ್ದೋಗುತ್ತೆ.

ನನಗೆ ಈ ಬಾಲ್ ಯಾಕೆ ಹಿಡಿಸ್ತು ಅಂದ್ರೆ ಬಕ್ ಸಹಿ ಒಂದಕ್ಕೇ ಅಲ್ಲ. ತಿರುಗಿಸಿದ್ರೆ ಇನ್ನೊಂದು ಕಡೆ ಆಫೀಶಿಯಲ್ ನ್ಯಾಷನಲ್ ಲೀಗ್ ಬಾಲ್ ಅಂತ ಛಾಪು, ಅದರ ಜೊತೆ ಲೀಗ್ ಅಧ್ಯಕ್ಷನ ಸಹಿ ಅಚ್ಚಾಗಿದೆ, ಆ ಅಧ್ಯಕ್ಷ ಬಿಲ್ ವೈಟ್. 1989ರಲ್ಲಿ ಆ ಕುರ್ಚೀಲಿ ಕೂತ, ಅಮೆರಿಕದ ದೊಡ್ಡ ಸ್ಪೋರ್ಟ್ಸ್ ಲೀಗ್ ಒಂದಕ್ಕೆ ಅಧ್ಯಕ್ಷ ಆದ ಮೊದಲ ಕಪ್ಪು ಮನುಷ್ಯ. ಇವನೂ ಒಂದು ಕಾಲದ ಫಸ್ಟ್ ಬೇಸ್‌ಮನ್ನೇ, 1964ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಟೀಮಲ್ಲಿದ್ದ. 1961ರಲ್ಲಿ ಟೀಮು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರಾಕ್ಟೀಸಿಗೆ ಹೋದಾಗ ಊರಿನ ವ್ಯಾಪಾರಿಗಳ ಸಂಘದೋರು ಬ್ರೇಕ್‌ಫಾಸ್ಟಿಗೆ ಬರೀ ಬಿಳಿ ಆಟಗಾರರನ್ನ ಕರೆದಿದ್ರು, ಇದೇನು ಕಥೆ ಅಂತ ಬಹಿರಂಗವಾಗಿ ಬಾಯಿಬಿಟ್ಟವನು ಇದೇ ಬಿಲ್ ವೈಟ್. ಈಗ ಯೋಚನೆ ಮಾಡಿ, ಮೈದಾನಕ್ಕೇ ಇಳಿಸದ ಲೀಗ್‌ನ ಬಾಲು, ಅದರ ಮೇಲೆ ಅಚ್ಚಾಗಿರೋದು ಒಬ್ಬ ಕಪ್ಪು ಅಧ್ಯಕ್ಷನ ಹೆಸರು, ಎದುರುಗಡೆ ಪೆನ್ನಲ್ಲಿ ಸಹಿ ಹಾಕಿರೋನು ಅದೇ ಲೀಗ್ ಬಾಗಿಲಾಚೆ ನಿಲ್ಲಿಸಿದ್ದ ಆಟಗಾರ. ಇದೇ ಡೀಲರ್ ಹತ್ರ ಬಕ್ ಸಹಿ ಇದ್ದ ಇನ್ನೊಂದು ಬಾಲ್ ಇತ್ತು, ಮೇಜರ್ ಲೀಗ್ ಕಮಿಷನರ್ ಆಗಿದ್ದ ಬಡ್ ಸೀಲಿಗ್ ಹೆಸರಿಂದು, ಅಂದ್ರೆ 2000ದ ಈಚೆಗಿಂದು, ಬೆಳ್ಳಗೆ ಹೊಳೀತಿತ್ತು, ರೇಟು ಅದಕ್ಕೇ ಸ್ವಲ್ಪ ಜಾಸ್ತಿ. ನನಗೆ ಕಲೆ ಇರೋದೇ ಸಾಕು ಅಂದೆ, ಡೀಲರ್‌ಗೆ ನಾನು ಚೌಕಾಸಿ ಮಾಡ್ತಿದೀನಿ ಅನಿಸ್ತು ಅನ್ಸುತ್ತೆ, ತಾನೇ ಹತ್ತು ಡಾಲರ್ ಇಳಿಸಿದ.

ಈ ಅಧ್ಯಕ್ಷರ ಅಚ್ಚು ಕಲೆಕ್ಟ್ ಮಾಡೋರಿಗೆ ಪಂಚಾಂಗ ಇದ್ದಂಗೆ, ಸ್ವಲ್ಪ ಗಮನ ಕೊಡಿ. ಅಮೆರಿಕನ್ ಲೀಗ್ ಬಾಲ್ ಮೇಲೆ ವಿಲ್ ಹ್ಯಾರಿಜ್ ಹೆಸರಿದ್ರೆ 1931ರಿಂದ 1959ರ ಒಳಗಿಂದು, ಜೋ ಕ್ರೋನಿನ್ ಇದ್ರೆ 1959ರಿಂದ 1973. ನ್ಯಾಷನಲ್ ಲೀಗ್‌ನಲ್ಲಿ ಫೋರ್ಡ್ ಫ್ರಿಕ್ 1951ರವರೆಗೆ, ಆಮೇಲೆ ವಾರೆನ್ ಜೈಲ್ಸ್ 1969ರವರೆಗೆ, ಆಮೇಲೆ ಚಬ್ ಫೀನಿ, ಹಿಂಗೇ ಸಾಗುತ್ತೆ. 2000ದಿಂದ ಎರಡೂ ಲೀಗ್‌ಗೂ ಒಂದೇ ಬಾಲ್, ಕಮಿಷನರ್ ಹೆಸರು. ಇನ್ನು ಚರ್ಮ, 1974ಕ್ಕೆ ಮುಂಚೆ ಕುದುರೆ ಚರ್ಮ, ಅಲ್ಲಿಂದೀಚೆಗೆ ಹಸುವಿನ ಚರ್ಮ. ರಾಲಿಂಗ್ಸ್ ಕಂಪನಿ ಮೇಜರ್ ಲೀಗ್ ಬಾಲ್ ಮಾಡೋಕೆ ಶುರು ಮಾಡಿದ್ದು 1977ಕ್ಕೆ, ಅದಕ್ಕೆ ಮುಂಚೆ ಸ್ಪಾಲ್ಡಿಂಗ್, ರೀಚ್ ಅಂತ ಹೆಸರು ಬರ್ತಿತ್ತು. ಉದಾಹರಣೆಗೆ ನೋಡಿ, ಆಟಗಾರ ರಾಬರ್ಟೋ ಕ್ಲೆಮೆಂಟೆ 1972 ಡಿಸೆಂಬರ್ 31ಕ್ಕೆ, ಭೂಕಂಪ ಆಗಿದ್ದ ನಿಕರಾಗುವಾಕ್ಕೆ ಸಾಮಾನು ತಗೊಂಡು ಹೋಗ್ತಿದ್ದ ವಿಮಾನ ಬಿದ್ದು ತೀರ್ಕೊಂಡ. ಅವನ ಸಹಿ ರಾಲಿಂಗ್ಸ್‌ನ ನ್ಯಾಷನಲ್ ಲೀಗ್ ಬಾಲ್ ಮೇಲೆ ಕಂಡ್ರೆ ಕೈಮುಗಿದು ಮುಂದೆ ಹೋಗಿ.

ಈ ಡೀಲರ್ ಟೇಬಲ್ ಮೇಲೆ ಒಂದು ಬೇಬ್ ರೂತ್ ಬಾಲ್ ಇಟ್ಟಿದ್ದ, ಕೆಳಗೆ ಚೀಟಿ, ಮಾರಾಟಕ್ಕಿಲ್ಲ ಅಂತ. ಕೇಳಿದೆ. ಕೈಗೆ ಕೊಟ್ಟು, ನೀವೇ ಹೇಳಿ ಏನು ತಪ್ಪಿದೆ ಅಂದ. ಸಹಿ ನೋಡೋಕೆ ಭಲೇ ಚೆನ್ನಾಗಿದೆ, ಹಳೇ ಬಾಲ್‌ಗಳಿಗೆ ಹಚ್ತಿದ್ದಂಗೆ ಶೆಲ್ಯಾಕ್ ಅನ್ನೋ ಅರಗಿನ ಮೆರುಗು ಕೂಡ ಹಚ್ಚಿ ಹಳದಿ ಮಾಡಿದ್ದಾರೆ, ಮೂಸಿದ್ರೆ ಹಳೇ ವಾಸನೆ ಬೇರೆ. ತಿರುಗಿಸಿದೆ, ಜೋ ಕ್ರೋನಿನ್. ರೂತ್ ಸತ್ತಿದ್ದು 1948 ಆಗಸ್ಟ್‌ನಲ್ಲಿ, ಕ್ರೋನಿನ್ ಅಧ್ಯಕ್ಷ ಆಗಿದ್ದು ಹನ್ನೊಂದು ವರ್ಷ ಆದ್ಮೇಲೆ! ಯಾರೋ ಪಾಪ ದುಡ್ಡು ಸುರಿದು ತಗೊಂಡು ಆಮೇಲೆ ಇವನ ಹತ್ರ ತಂದು ತೋರಿಸಿದ್ದಂತೆ, ಇವನು ಅದನ್ನ ಬಂದೋರಿಗೆ ಪಾಠ ಹೇಳೋಕೆ ಇಟ್ಕೊಂಡಿದಾನೆ. ಈ ಒಂದು ಕಾರಣಕ್ಕೆ ನಾನು ಇವನ ಹತ್ರ ವ್ಯಾಪಾರ ಮಾಡಿದ್ದು, ಡಬ್ಬಿ ವಿಷಯ ಕ್ಷಮಿಸಿಬಿಡ್ಬಹುದು. ಆದ್ರೆ ಒಂದು ನೆನಪಿಡಿ, ಈ ಅಚ್ಚಿನ ಲೆಕ್ಕ ಒಂದೇ ದಿಕ್ಕಿಗೆ ಕೆಲಸ ಮಾಡೋದು. ತಾರೀಕು ತಾಳೆ ಆಗ್ಲಿಲ್ಲ ಅಂದ್ರೆ ಖಂಡಿತ ನಕಲಿ, ತಾಳೆ ಆದ್ರೆ ಅಸಲಿ ಅಂತೇನಲ್ಲ, ಹಳೇ ಖಾಲಿ ಬಾಲ್ ತಂದು ಇವತ್ತು ಗೀಚೋರೂ ಇದಾರೆ. ಬಕ್ ಸಹಿಯಲ್ಲೂ ಇಂಥದ್ದೊಂದು ಇದೆ. ಹಾಲ್ ಆಫ್ ಫೇಮ್, ಅಂದ್ರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ, ಅದಕ್ಕೆ ಸೇರಿದ ಆಟಗಾರರು ಸಹಿ ಕೆಳಗೆ ಎಚ್ಒಎಫ್ ಅಂತ ಹಾಕಿ ವರ್ಷ ಬರೀತಾರೆ, ಬಕ್‌ನ ಸೇರಿಸ್ಕೊಂಡಿದ್ದು 2022ರಲ್ಲಿ, ಆತ ತೀರ್ಕೊಂಡಿದ್ದು 2006ರಲ್ಲಿ. ಹಾಗಾಗಿ ಎಚ್ಒಎಫ್ 2022 ಅಂತ ಬರೆದಿರೋ ಬಕ್ ಬಾಲ್ ಯಾರಾದ್ರೂ ತೋರಿಸಿದ್ರೆ ನಕ್ಕು ಬಿಡಿ.

ಇನ್ನು ಲೆಟರ್. ಈ ಫೀಲ್ಡಲ್ಲಿ ಪಿಎಸ್ಎ, ಜೆಎಸ್ಎ, ಬೆಕೆಟ್ ಅಂತ ಮೂರು ಹೆಸರು ಜಾಸ್ತಿ ನಡೆಯೋದು, ಸಾಮಾನು ಕಳಿಸಿದ್ರೆ ಸಹಿ ಪರೀಕ್ಷೆ ಮಾಡಿ ನಂಬರ್ ಇರೋ ಸ್ಟಿಕ್ಕರೋ ಲೆಟರೋ ಕೊಡ್ತಾರೆ, ಮಾಮೂಲಾಗಿ ಸಹಿ ಎಷ್ಟು ದುಬಾರಿಯೋ ಫೀಸೂ ಅಷ್ಟು ಜಾಸ್ತಿ. ನನ್ನ ಬಾಲ್ ಜೊತೆ ಇಂಥ ಒಂದು ಲೆಟರ್ ಇತ್ತು, ಯಾರದ್ದು ಅನ್ನೋದು ಮುಖ್ಯ ಅಲ್ಲ. ಪಾಸ್ ಮಾರ್ಕ್ಸ್ ಮಾತ್ರ ಯಾಕೆ ಅಂದ್ರೆ, ಜನ ಈ ಕಾಗದಾನ ತಾಮ್ರಶಾಸನ ಅಂದ್ಕೊಂಡ್ಬಿಡ್ತಾರೆ, ಆದ್ರೆ ಅದು ಒಬ್ಬ ಪರಿಣಿತನ ಅಭಿಪ್ರಾಯ ಅಷ್ಟೇ, ಸಹಿ ಹಾಕುವಾಗ ಅವನೇನು ಪಕ್ಕದಲ್ಲಿ ನಿಂತಿರಲಿಲ್ಲ. ಸಾಕ್ಷಿ ಇಟ್ಕೊಂಡು ಮಾಡೋದು ಬೇರೇನೇ ಇದೆ, ಮೇಜರ್ ಲೀಗ್‌ನೋರೇ 2001ರಲ್ಲಿ ಶುರು ಮಾಡಿದ್ದು, ಅವರ ಮನುಷ್ಯ ಎದುರಿಗೇ ನಿಂತು ನೋಡಿ ಹಾಲೋಗ್ರಾಮ್ ಅಂಟಿಸ್ತಾನೆ. ಅದು ಗಟ್ಟಿ, ಆದ್ರೆ ಹಳೇ ಕಾಲದ ಸಹಿಗೆ ಅದು ಎಲ್ಲಿಂದ ಬರುತ್ತೆ.

ಆ ಹಾಲೋಗ್ರಾಮ್ ಯಾಕೆ ಬಂತು ಅನ್ನೋದೇ ಒಂದು ಕಥೆ. 90ರ ದಶಕದಲ್ಲಿ ಎಫ್‌ಬಿಐನೋರು ಆಪರೇಷನ್ ಬುಲ್‌ಪೆನ್ ಅಂತ ಮಾಡಿದ್ರು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಕಡೆ ನಕಲಿ ಸಹಿ ಮಾಡೋ ದೊಡ್ಡ ಜಾಲಾನೇ ಸಿಕ್ಕಿಬಿತ್ತು. ಹಿಡಿದ ಮಾಲಲ್ಲಿ ಏನಿತ್ತು ಗೊತ್ತಾ, ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್! ಕಲ್ಕತ್ತಾದಲ್ಲಿ ಅನಾಥರನ್ನ ನೋಡ್ಕೊಂಡಿದ್ದ ತಾಯಿ ಯಾವಾಗ ಬೇಸ್‌ಬಾಲ್‌ಗೆ ಸಹಿ ಹಾಕಿದ್ರು ಅಂತ ಕೇಳೋ ಬುದ್ಧಿ ಕೊಳ್ಳೋರಿಗೂ ಇರಲಿಲ್ವಲ್ಲ ಅಂತೀನಿ. ಆಗ ಎಫ್‌ಬಿಐನೋರು ಹಾಕಿದ ಅಂದಾಜು ಅಂದ್ರೆ ಮಾರುಕಟ್ಟೇಲಿರೋ ಸಹಿ ಮಾಲಲ್ಲಿ ಅರ್ಧಕ್ಕಿಂತ ಜಾಸ್ತಿ ನಕಲಿ ಅಂತ. ಇದಲ್ಲದೇ ಇಡೀ ಟೀಮ್ ಸಹಿ ಹಾಕಿರೋ ಹಳೇ ಬಾಲ್‌ಗಳಲ್ಲಿ ಇನ್ನೊಂದು ತೊಂದರೆ, ಸ್ಟಾರ್ ಆಟಗಾರನಿಗೆ ಬೇಜಾರಾಗಿ ಡ್ರೆಸ್ಸಿಂಗ್ ರೂಮ್ ಹುಡುಗನೇ ಅವನ ಹೆಸರು ಗೀಚಿ ಕೊಡ್ತಿದ್ದ. ಬಾಲ್ ಅಸಲಿ, ಕಾಲ ಅಸಲಿ, ಟೀಮ್ ಅಸಲಿ, ಸಹಿ ಮಾತ್ರ ಹುಡುಗಂದು.

ಲೆಟರ್‌ನ ಹೆಂಗೆ ಉಪಯೋಗಿಸ್ಬೇಕು ಅಂದ್ರೆ, ಅದರ ನಂಬರ್‌ನ ಕಂಪನಿ ಸೈಟಲ್ಲಿ ಹಾಕಿ ನೋಡಿ, ಫೋಟೋ ಇದ್ರೆ ನಿಮ್ಮ ಕೈಲಿರೋ ಬಾಲ್ ಜೊತೆ ಇಟ್ಟು ಹೋಲಿಸಿ. ನನಗೆ ಆ ಕಂದು ಕಲೆ ಕೆಲಸಕ್ಕೆ ಬಂತು, ಫೋಟೋದಲ್ಲೂ ಅದೇ ಹೊಲಿಗೆ ಪಕ್ಕ ಅದೇ ಕಲೆ, ಅಂದ್ರೆ ಲೆಟರ್ ಈ ಬಾಲ್‌ದೇ, ಬೇರೆ ಬಾಲ್‌ದು ತಂದು ಜೋಡಿಸಿಲ್ಲ. ಬೆಳ್ಳಗೆ ಹೊಳೆಯೋ ಬಾಲ್‌ಗಳಲ್ಲಿ ಈ ಸೌಲಭ್ಯ ಇರಲ್ಲ ನೋಡಿ.

ರೇಟು ಇಷ್ಟು ಕಮ್ಮಿ ಯಾಕೆ ಅಂತ ಅನುಮಾನ ಬರಬಹುದು. ಬಕ್ ಕೇಳಿದೋರಿಗೆಲ್ಲ ಸಹಿ ಹಾಕಿ ಕೊಡ್ತಿದ್ದ ಅದಕ್ಕೆ. 1994ರಲ್ಲಿ ಪಿಬಿಎಸ್ ಟೀವೀಲಿ ಬೇಸ್‌ಬಾಲ್ ಬಗ್ಗೆ ದೊಡ್ಡ ಡಾಕ್ಯುಮೆಂಟರಿ ಬಂತು, ಅದರಲ್ಲಿ ಅವನು ಕೂತು ಹಳೇ ಕಥೆ ಹೇಳಿದ್ದು ನೋಡಿ ಎಂಬತ್ತು ದಾಟಿದ ಮೇಲೆ ದೇಶಕ್ಕೆಲ್ಲ ಪರಿಚಯ ಆದ. ಸಹಿಗಳು ಬೇಕಾದಷ್ಟಿವೆ, ಅದಕ್ಕೆ ಅಗ್ಗ. ನೀಗ್ರೋ ಲೀಗ್‌ನ ಜಾಶ್ ಗಿಬ್ಸನ್ ನೋಡಿ, 1947 ಜನವರಿ 20ಕ್ಕೆ ತೀರ್ಕೊಂಡ, ರಾಬಿನ್‌ಸನ್ ಮೈದಾನಕ್ಕೆ ಇಳಿಯೋಕೆ ಮೂರು ತಿಂಗಳೂ ಉಳಿದಿರಲಿಲ್ಲ, ಅವನ ಸಹಿ ಸಿಗೋದೇ ಅಪರೂಪ, ಸಿಕ್ರೂ ನಮ್ಮಂಥೋರು ಮುಟ್ಟೋ ಹಂಗಿಲ್ಲ. 2024ರಲ್ಲಿ ಮೇಜರ್ ಲೀಗ್‌ನೋರು ನೀಗ್ರೋ ಲೀಗ್ ಅಂಕಿಅಂಶಾನೂ ತಮ್ಮ ದಾಖಲೆಗೆ ಸೇರಿಸ್ಕೊಂಡ್ರಲ್ಲ, ಆಗ .372ರ ಜೀವಮಾನದ ಬ್ಯಾಟಿಂಗ್ ಆವರೇಜ್‌ನಿಂದ ಟೈ ಕಾಬ್‌ನ .367ನ ಹಿಂದೆ ಹಾಕಿ ಗಿಬ್ಸನ್ ಮೊದಲನೇ ಜಾಗಕ್ಕೆ ಬಂದ, ಸತ್ತು ಎಪ್ಪತ್ತೇಳು ವರ್ಷ ಆದ್ಮೇಲೆ. ರಾಬಿನ್‌ಸನ್ ಬಾಲ್ ಸಾವಿರಗಟ್ಟಲೆ ಡಾಲರ್, ರೂತ್‌ದು ಒಳ್ಳೇದಾದ್ರೆ ಹತ್ತಾರು ಸಾವಿರ. ಆ ಆಸೆ ಇರೋರು ಬಾಲ್ ಬಿಟ್ಟು ಬ್ಯಾಂಕ್ ಚೆಕ್ ನೋಡಿ, ನಿಜ ಹೇಳ್ತೀನಿ, ಆಟಗಾರರು ಯಾರಿಗೋ ಬರೆದ ಚೆಕ್ಕು, ಬ್ಯಾಂಕ್ ಪಾಸ್ ಮಾಡಿ ಮುದ್ರೆ ಒತ್ತಿ ವಾಪಸ್ ಕಳಿಸಿದ್ದು, ಈಗ ಮಾರಾಟಕ್ಕೆ ಬರುತ್ತೆ. ಟೈ ಕಾಬ್ ಹಸಿರು ಇಂಕಲ್ಲಿ ಸಹಿ ಹಾಕಿರೋ ಚೆಕ್‌ಗಳಿವೆ. ತನ್ನ ದುಡ್ಡಿನ ಮೇಲೆ ಯಾವನೂ ಡ್ರೆಸ್ಸಿಂಗ್ ರೂಮ್ ಹುಡುಗನ ಕೈಲಿ ಸಹಿ ಹಾಕಿಸಲ್ಲ.

ನನ್ನ ಕೇಳಿದ್ರೆ ಇತಿಹಾಸ ಬೇಕು ಅನ್ನೋರಿಗೆ ದುಬಾರಿ ಹೆಸರೇ ಬೇಕಂತಿಲ್ಲ. ರೂತ್ ಸಹಿ ತಗೊಂಡ್ರೆ ರೂತ್ ಸಿಗ್ತಾನೆ ಅಷ್ಟೇ. ಬಕ್ ಬಾಲ್ ತಗೊಂಡ್ರೆ 1920ರಿಂದ 2022ರವರೆಗಿನ ಜಗಳ ಪೂರ್ತಿ ಸಿಗುತ್ತೆ. 2006ರಲ್ಲಿ ಹಾಲ್ ಆಫ್ ಫೇಮ್‌ನೋರು ವಿಶೇಷ ಕಮಿಟಿ ಮಾಡಿ ನೀಗ್ರೋ ಲೀಗ್ ಮತ್ತು ಅದಕ್ಕೂ ಮುಂಚಿನ ಕಾಲದ 17 ಜನಾನ ಆಯ್ಕೆ ಮಾಡಿದ್ರು, ಬಕ್‌ಗೆ ಒಂದೇ ವೋಟಲ್ಲಿ ತಪ್ಪಿತು ಅಂತ ಆಗ ಪೇಪರ್‌ನೋರು ಬರೆದ್ರು. ಬೇರೆ ಯಾರಾದ್ರೂ ಆಗಿದ್ರೆ ಮುಖ ಊದಿಸ್ಕೊಂಡು ಮನೇಲಿ ಕೂತಿರೋರು, ಈತ ಆ ಜುಲೈಗೆ ಹಾಲ್ ಆಫ್ ಫೇಮ್ ಇರೋ ಕೂಪರ್ಸ್‌ಟೌನ್‌ಗೆ ಹೋಗಿ ಆ 17 ಜನದ ಪರವಾಗಿ ಭಾಷಣ ಮಾಡಿ ಇಡೀ ಜನಸ್ತೋಮದ ಕೈಲಿ ಹಾಡು ಹಾಡಿಸಿ ಬಂದ. ಅದೇ ತಿಂಗಳು, 94ನೇ ವಯಸ್ಸಲ್ಲಿ, ಇಲ್ಲಿನ ಒಂದು ಚಿಕ್ಕ ಲೀಗ್‌ನ ಆಲ್‌ಸ್ಟಾರ್ ಮ್ಯಾಚಲ್ಲಿ ಕಾಂಟ್ರಾಕ್ಟ್‌ಗೆ ಸಹಿ ಹಾಕಿ ಬ್ಯಾಟ್ ಹಿಡಿದು ನಿಂತಿದ್ದ! ಅಕ್ಟೋಬರ್‌ನಲ್ಲಿ ಹೋಗ್ಬಿಟ್ಟ. ಈಗ ಇಲ್ಲಿನ ಕಾಫ್‌ಮನ್ ಸ್ಟೇಡಿಯಂನಲ್ಲಿ ಹೋಮ್ ಪ್ಲೇಟ್, ಅಂದ್ರೆ ಬ್ಯಾಟ್ ಮಾಡೋ ಜಾಗದ ಹಿಂದೆ ಅವನ ಹೆಸರಲ್ಲಿ ಒಂದು ಕೆಂಪು ಸೀಟ್ ಇದೆ, ರಾಯಲ್ಸ್ ಮ್ಯಾಚ್‌ಗೆ ಹೋದ್ರೆ ಕಾಣುತ್ತೆ.

ಕ್ಯಾನ್ಸಸ್ ಸಿಟಿಗೆ ಬಂದ್ರೆ, ಅಕ್ಕ ಸಮ್ಮೇಳನಕ್ಕೋ ನೆಂಟರ ಮನೆಗೋ ಯಾವುದಕ್ಕಾದ್ರೂ ಸರಿ, ದುಡ್ಡು ಕೊಟ್ಟು ಬಾಲ್ ತಗೊಳ್ಳೋಕೆ ಮುಂಚೆ 18ನೇ ಬೀದಿ, ವೈನ್ ಹತ್ರ ಇರೋ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂಗೆ ಹೋಗಿ. 1990ರಲ್ಲಿ ಶುರುವಾಗಿದ್ದು, ಬಕ್ ಓಡಾಡಿ ಕಟ್ಟಿದ್ದು. ರಶ್ ಅಂತ ಕೆನಡಾದ ರಾಕ್ ಬ್ಯಾಂಡ್ ಇತ್ತಲ್ಲ, ಅದರ ಗೆಡ್ಡಿ ಲೀ 2008ರಲ್ಲಿ ತಾನು ಕೂಡಿಸಿದ್ದ ಸಹಿ ಬಾಲ್‌ಗಳಲ್ಲಿ ಸುಮಾರು ಇನ್ನೂರನ್ನ ಈ ಮ್ಯೂಸಿಯಂಗೆ ದಾನ ಕೊಟ್ಟ, ಕೂಲ್ ಪಾಪಾ ಬೆಲ್, ಹ್ಯಾಂಕ್ ಆ್ಯರನ್ ಎಲ್ಲ ಇದ್ದಾರೆ ಅದರಲ್ಲಿ. ಒಳಗೆ ಕಂಚಿನ ಆಟಗಾರರನ್ನ ಮೈದಾನದಲ್ಲಿ ಅವರವರ ಜಾಗದಲ್ಲಿ ನಿಲ್ಲಿಸಿದ್ದಾರೆ, ಆದ್ರೆ ಮೊದಲು ಜಾಲರಿ ಆಚೆಯಿಂದ ನೋಡ್ಬೇಕು, ಪೂರ್ತಿ ಮ್ಯೂಸಿಯಂ ಸುತ್ತಿ ಮುಗಿಸಿದ ಮೇಲೇನೇ ಮೈದಾನಕ್ಕೆ ಬಿಡೋದು. ಯಾರ ಐಡಿಯಾನೋ, ಭಾರಿ ಮಾಡಿದ್ದಾರೆ.

ಡಬ್ಬಿ ಬಗ್ಗೆ ಬೈಯೋದು ಬಾಕಿ ಇತ್ತು. ಚೌಕದ ಪ್ಲಾಸ್ಟಿಕ್ ಡಬ್ಬಿ, ಯುವಿ ಪ್ರೊಟೆಕ್ಷನ್ ಇಲ್ಲ, ಮುಚ್ಚಳ ಲೂಸು, ಬಾಲ್ ಒಳಗೆ ಉರುಳಿ ಸಹಿ ಕೆಳಗೆ ಹೋಗುತ್ತೆ. ಬಾಲ್‌ಪೆನ್ ಇಂಕ್‌ಗೆ ಬಿಸಿಲೇ ಶತ್ರು, ಕಿಟಕಿ ಪಕ್ಕ ಇಟ್ರೆ ಕೆಲವು ವರ್ಷದಲ್ಲಿ ಸಹಿ ನೀರಾಗಿ ಹೋಗುತ್ತೆ. ಇಷ್ಟು ತಿಳಿದ ಡೀಲರ್‌ಗೆ ಇದು ಗೊತ್ತಿಲ್ದೇ ಇರುತ್ತಾ, ಎರಡು ಡಾಲರ್ ಉಳಿಸೋಕೆ ಮಾಡಿದ ಕೆಲಸ. ಯುವಿ ತಡೆಯೋ ಒಳ್ಳೇ ಕೇಸ್ ತರಿಸ್ಕೊಂಡು ಗೋಡೆ ಬೀರುವಿನ ಒಳಗಿಟ್ಟೆ, ಮುಟ್ಟೋಕೆ ಮುಂಚೆ ಕೈ ತೊಳ್ಕೊಂಡು ಒರೆಸ್ಕೊಳ್ಳಿ, ಕೈಯ ಜಿಡ್ಡು ಚರ್ಮಕ್ಕೆ ಹತ್ತಿದ್ರೆ ಆಮೇಲೆ ಕಂದು ಕಲೆ ಆಗುತ್ತೆ. ಊರಿಗೆ ತಗೊಂಡು ಹೋಗಿ ಅಪ್ಪಂಗೆ ತೋರಿಸೋಣ ಅಂತ ಆಸೆ ಇತ್ತು, ನಮ್ಮದು ಸಾಗರದ ಕಡೆ, ಮಳೆಗಾಲಕ್ಕೆ ಚರ್ಮದ ಸಾಮಾನೆಲ್ಲ ಬೂಷ್ಟು ಹಿಡಿಯುತ್ತೆ, ಫೋಟೋ ಕಳಿಸಿ ಸುಮ್ಮನಾದೆ. ಅವರು ಕೇಳಿದ್ದು ಒಂದೇ, ಇದರಲ್ಲಿ ಆಡಿದಾರೇನೋ ಮಾರಾಯ ಅಂತ. ಇಲ್ಲ ಅಂದೆ. ಮತ್ಯಾಕೆ ಅಷ್ಟು ದುಡ್ಡು ಅಂದ್ರು.

ಅದೇ ಡೀಲರ್ ಹತ್ರ ಟೆಡ್ ರಾಡ್‌ಕ್ಲಿಫ್ ಬಾಲ್ ಒಂದಿದೆ, ಡಬಲ್ ಡ್ಯೂಟಿ ಅಂತ ಕರೀತಿದ್ರಲ್ಲ, ಒಂದೇ ದಿನದ ಎರಡು ಮ್ಯಾಚಲ್ಲಿ ಒಂದಕ್ಕೆ ಬಾಲ್ ಹಿಡಿಯೋ ಕ್ಯಾಚರ್ ಇನ್ನೊಂದಕ್ಕೆ ಬಾಲ್ ಎಸೆಯೋ ಪಿಚರ್ ಆಗಿ ಆ ಹೆಸರು ಬಂದಿದ್ದು, 1902ರಲ್ಲಿ ಹುಟ್ಟಿ 2005ರವರೆಗೆ ಬದುಕಿದ್ದ ಆಸಾಮಿ. ಅಚ್ಚು ಲೆನಾರ್ಡ್ ಕೋಲ್‌ಮನ್‌ದು, ಬಿಲ್ ವೈಟ್ ಆದ್ಮೇಲೆ ಬಂದ ಅಧ್ಯಕ್ಷ, ತಾರೀಕು ತಾಳೆ ಆಗುತ್ತೆ. ಆದ್ರೆ ಸಹಿ ಸ್ವೀಟ್ ಸ್ಪಾಟಲ್ಲಿಲ್ಲ, ಪಕ್ಕದ ಪ್ಯಾನೆಲ್‌ನಲ್ಲಿದೆ, ಲೆಟರ್ ಕೂಡ ಇಲ್ಲ ಬರೀ ಸ್ಟಿಕ್ಕರು, ಆದ್ರೂ ಬಕ್ ಬಾಲ್‌ದೇ ರೇಟ್ ಹೇಳ್ತಾನೆ. ಮುಂದಿನ ಶೋ ಮುಗಿಯೋ ಹೊತ್ತಿಗೆ, ಟೇಬಲ್ ಕಟ್ಟುವಾಗ ಹೋಗಿ ಕೇಳಿದ್ರೆ ಇಳಿಸ್ತಾನೆ ಅನ್ಸುತ್ತೆ, ಹೊಸ ಕೇಸನ್ನಂತೂ ಈಗಲೇ ಎರಡು ತರಿಸಿಟ್ಟಿದೀನಿ.